ಕೋಡ್ ಕಲ್ಲಿನ ಒಡತಿ ಯಾರು?

ಪತ್ರ: ಕಳೆದ ಸಂಚಿಕೆಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಸಿಂಹದ ಚಿತ್ರದ ಕೆಳಗೆ ‘ಮಿಸೆಸ್ ಕೋಡ್ ತಯಾರಿಸಿದ ಕೃತಕ ಕಲ್ಲು’ ಎಂದು ಹಾಕಿದ್ದೀರಿ. ಕಾರ್ಖಾನೆ ನಡೆಸಿದ ಗಂಡನ ಹೆಸರು ಯಾಕೆ ಬಿಟ್ಟಿರಿ? ಕೃತಕ ಕಲ್ಲು ಅಂದರೆ ಸಿಮೆಂಟೇ ಅಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಮಸ್ಕಾರ. ನಾವು ಯಾರ ಹೆಸರನ್ನೂ ಬಿಟ್ಟಿಲ್ಲ. ಎಲಿನರ್ ಕೋಡ್ ಮದುವೆಯೇ ಆಗಲಿಲ್ಲ. ವ್ಯಾಪಾರ ನಡೆಸುವ ಹೆಂಗಸನ್ನು ಆಗ ಮರ್ಯಾದೆಗಾಗಿ ‘ಮಿಸೆಸ್’ ಎನ್ನುತ್ತಿದ್ದರು. ತಾಯಿಯ ಹೆಸರೂ ಎಲಿನರ್. ಹಾಗಾಗಿ ಇತಿಹಾಸ ಬರೆದವರು ಕೂಡ ಬಹಳ ಕಾಲ ಮಗಳ ಕೆಲಸವನ್ನು ತಾಯಿಯ ಲೆಕ್ಕಕ್ಕೆ ಹಾಕಿದ್ದರು.

ಆಕೆ ಹುಟ್ಟಿದ್ದು 1733ರಲ್ಲಿ, ಎಕ್ಸೆಟರ್‌ನಲ್ಲಿ. ಅಪ್ಪ ಉಣ್ಣೆ ವ್ಯಾಪಾರದಲ್ಲಿ ದಿವಾಳಿಯಾದರು. ಮಗಳು ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, 1769ರಲ್ಲಿ ಲ್ಯಾಂಬೆತ್‌ನ ಕೃತಕ ಕಲ್ಲಿನ ಕಾರ್ಖಾನೆ ಕೊಂಡರು. ಹಳೆಯ ಮಾಲೀಕ ಡೇನಿಯಲ್ ಪಿಂಕಾಟ್ ಅಲ್ಲೇ ಮೇಲ್ವಿಚಾರಕನಾಗಿ ಉಳಿದ. ಜನ ಅವನನ್ನೇ ಪಾಲುದಾರ ಎಂದುಕೊಂಡರು. 1771ರ ಸೆಪ್ಟೆಂಬರಿನಲ್ಲಿ ಆಕೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು: ನಿಜವಾದ ಒಡತಿ ನಾನು, ನನ್ನ ಸಹಿ ಅಥವಾ ಒಪ್ಪಿಗೆ ಇಲ್ಲದ ಯಾವ ಕರಾರೂ ನಡೆಯುವುದಿಲ್ಲ. ನಿಮ್ಮ ಪ್ರಶ್ನೆಗೆ ಆಕೆ ಅಂದೇ ಉತ್ತರ ಕೊಟ್ಟಿದ್ದರು ನೋಡಿ!

ಇನ್ನು ಸಿಮೆಂಟಿನ ಮಾತು. ಈಗಿನ ಸಾಮಾನ್ಯ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಆಕೆ ತೀರಿಕೊಂಡು 3 ವರ್ಷವಾದ ಮೇಲೆ. ಕೋಡ್ ಕಲ್ಲು ಕುಂಬಾರರ ದಾರಿಯದು. ಹಸಿ ಜೇಡಿಗೆ ಮೊದಲೇ ಸುಟ್ಟ ಮಣ್ಣಿನ ಪುಡಿ, ಚಕಮಕಿ ಕಲ್ಲಿನ ಪುಡಿ, ಮರಳು, ಗಾಜಿನ ಪುಡಿ ಸೇರಿಸಿ ನಾದುತ್ತಿದ್ದರು. ಮಣ್ಣು ಒಣಗಿ ಬೇಯುವಾಗ ಕುಗ್ಗುತ್ತದೆ, ದೊಡ್ಡ ಮೂರ್ತಿಯಾದರೆ ಬಿರುಕು ಬಿಡುತ್ತದೆ. ಒಮ್ಮೆ ಸುಟ್ಟದ್ದು ಮತ್ತೆ ಅಷ್ಟು ಕುಗ್ಗುವುದಿಲ್ಲ. ಗಾಜು ಕರಗಿ ಎಲ್ಲವನ್ನೂ ಬೆಸೆಯುತ್ತದೆ. ಅಚ್ಚಿಗೆ ಒತ್ತಿ ತೆಗೆದ ಮೂರ್ತಿಯನ್ನು ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 4 ದಿನ ಬೇಯಿಸಬೇಕು. ಅಷ್ಟು ಹೊತ್ತು ಕಾವು ಒಂದೇ ಸಮ ಇರಬೇಕು! ಅಳೆಯಲು ಈಗಿನಂಥ ಉಪಕರಣವಿಲ್ಲದ ಕಾಲದಲ್ಲಿ ಬೆಂಕಿ ನೋಡಿಕೊಂಡವರ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ. ‘ಎರಡು ಸಲ ಸುಟ್ಟ ಕಲ್ಲು’ ಎಂಬ ಅರ್ಥದ ಗ್ರೀಕ್ ಹೆಸರೂ ಇದಕ್ಕಿತ್ತು: ಲಿಥೋಡಿಪೈರಾ.

ನಮ್ಮ ಅಡಿಬರಹದಲ್ಲಿ ನಿಜವಾಗಿ ಒಂದು ತಪ್ಪಿದೆ, ಕ್ಷಮಿಸಿ. ಆ ಸಿಂಹ ಕೋಡ್ ಕಲ್ಲಿನದೇ, ಆದರೆ 1837ರದು, ಅಂದರೆ ಆಕೆ ತೀರಿಕೊಂಡ ಮೇಲಿನದು. ಆಕೆಯ ಕಾಲದ ಕೆಲಸವನ್ನೇ ನೋಡಬೇಕೆಂದರೆ ಲಂಡನ್ನಿನ ಗ್ರೀನಿಚ್‌ಗೆ ಹೋಗಬೇಕು. ಅಲ್ಲಿನ ಹಳೆಯ ನೌಕಾ ಕಾಲೇಜಿನ ಗೋಡೆಯ ಮೇಲೆ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ನೆನಪಿನ ದೊಡ್ಡ ಉಬ್ಬುಶಿಲ್ಪವಿದೆ. ಅದು ಮುಗಿದ 1813ರಲ್ಲಿ ಎಲಿನರ್‌ಗೆ 80 ವರ್ಷ.