ಸೆಲ್ಫಿ ಕೇಳಿದವರೂ ಗುಳೆ ಹೊರಟವರೇ

ಪ್ರಶ್ನೆ: ನನಗೆ 31 ವರ್ಷ. ಏಳು ವರ್ಷಗಳಿಂದ ಇಲ್ಲಿನ ಕೇಬಲ್ ವಾಹಿನಿಯೊಂದರಲ್ಲಿ ಕನ್ನಡ, ಉರ್ದು ಎರಡರಲ್ಲೂ ಹಾಡಿನ ಕಾರ್ಯಕ್ರಮ ನಿರೂಪಿಸುತ್ತಿದ್ದೇನೆ. ಈಗ ಗುಳೆ ಹೋಗುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಹಂಬಲ. ಜನವರಿಯಲ್ಲಿ ಯಾದಗಿರಿ ರೈಲು ನಿಲ್ದಾಣಕ್ಕೆ ಚಿತ್ರೀಕರಣಕ್ಕೆ ಹೋದರೆ, ಗುಳೆ ಹೊರಟಿದ್ದ ಹುಡುಗರೇ ಗುರುತು ಹಿಡಿದು ಸೆಲ್ಫಿ ಕೇಳಿದರು. ನಾಚಿಕೆಯಾಯಿತು. ಕಚೇರಿಯಲ್ಲಿ ‘ನಿನಗೇಕೆ ಈ ಉಸಾಬರಿ’ ಎಂದು ನಗುತ್ತಾರೆ. ಕೆಲಸ ಬಿಟ್ಟರೆ ಮದುವೆ ಕಷ್ಟ ಎಂದು ಅಮ್ಮನ ಅಳಲು. ಬಿಡಲೇ, ಬೇಡವೇ?
– ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಈಗಲೇ ಬಿಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಏಳು ವರ್ಷ ಜನರನ್ನು ನಗಿಸಿದ್ದೇ ಅಪರಾಧವೆಂಬಂತೆ ಬರೆದಿದ್ದೀರಿ. ಅದನ್ನು ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಭಾಗದ ಹಳ್ಳಿಗಳು ಟಿವಿ ಕಂಡದ್ದು ಹೇಗೆ ಗೊತ್ತೇ? 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳ ಪೈಕಿ ಅಂದಿನ ಗುಲ್ಬರ್ಗಾ ಜಿಲ್ಲೆಯವೂ ಇದ್ದವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಜೊತೆಗೇ ಹಾಡು-ಕುಣಿತವೂ ಬರುತ್ತಿತ್ತು. ಎರಡನ್ನೂ ಒಂದೇ ಪೆಟ್ಟಿಗೆ ತೋರಿಸುತ್ತಿತ್ತು. ಹಾಗಾಗಿ ಸೆಲ್ಫಿ ಕೊಡಿ, ಕೊಟ್ಟ ಮೇಲೆ ‘ಎಲ್ಲಿಗೆ ಹೊರಟಿರಿ, ಮುಂಗಡ ಎಷ್ಟು ಸಿಕ್ಕಿತು’ ಎಂದು ಕೇಳಿ. ಬೇರೆ ವರದಿಗಾರರು ಅರ್ಧ ದಿನ ಕಾದರೂ ಸಿಗದ ಸಲಿಗೆ ನಿಮಗೆ ಪುಕ್ಕಟೆ ಸಿಕ್ಕಿದೆ.

ನನಗೆ ಕಂಡ ತೊಂದರೆ ಬೇರೆ. ನೀವು ಕಳಿಸಿದ ಹನ್ನೊಂದು ನಿಮಿಷದ ತುಣುಕನ್ನು ಎರಡು ಸಲ ನೋಡಿದೆ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತಿರುವ ಹೆಂಗಸಿನ ತೊಡೆಯ ಮೇಲೆ ಒಣಗಿಸಿದ ಕಟಿ ರೊಟ್ಟಿಯ ಗಂಟು. ಮಗಳ ಶಾಲೆಯ ವಿಷಯ ಕೇಳಿದಿರಿ. ಆಕೆ ತಲೆ ತಗ್ಗಿಸಿ, ಬಿಗಿಯಾಗಿಯೇ ಇದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ನಾಲ್ಕೇ ಸೆಕೆಂಡು. ಅಷ್ಟರಲ್ಲಿ ನೀವು ‘ಪರವಾಗಿಲ್ಲ ಬಿಡಿ ಅಮ್ಮಾ’ ಎಂದು ನಕ್ಕು ಮುಂದಿನ ಪ್ರಶ್ನೆಗೆ ಹಾರಿದಿರಿ. ವೇದಿಕೆಯ ಮೇಲೆ ನಾಲ್ಕು ಸೆಕೆಂಡು ಸುಮ್ಮನಿದ್ದರೆ ಸೀಟಿ ಬೀಳುತ್ತದೆ, ಒಪ್ಪಿದೆ. ಆದರೆ ಇಲ್ಲಿ ಆಕೆಯ ತುಟಿ ಆಗಲೇ ಅಲುಗಿತ್ತು. ಮತ್ತೊಮ್ಮೆ ನೋಡಿ.

ಪಕ್ಕದಲ್ಲಿ ಕುಳಿತ ಮುದುಕಿ ‘ಹೌ’, ‘ನಕ್ಕೋ’ ಎಂದು ಸಲೀಸಾಗಿ ಮಾತು ಶುರು ಮಾಡಿದವರು, ನಿಮ್ಮ ವಾಹಿನಿಯ ನಯವಾದ ಉರ್ದು ಕಿವಿಗೆ ಬಿದ್ದದ್ದೇ ‘ಜೀ’, ‘ನಹೀಂ’ ಎಂದು ಮುಗಿಸಿಬಿಟ್ಟರು. ಬಂದೇ ನವಾಜ್ ದರ್ಗಾದ ಹತ್ತಿರದ ಓಣಿಯಲ್ಲಿ ಬೆಳೆದವಳು ಎಂದು ಪತ್ರದಲ್ಲಿ ಹೇಳಿದ್ದೀರಿ. ಆ ಓಣಿಯ ಆಡುಮಾತಾದ ದಖ್ಖನಿಯಲ್ಲೇ ಕೇಳಬಾರದಿತ್ತೇ? ಎರಡು ಭಾಷೆ ಬಲ್ಲವಳೆಂಬ ಹೆಮ್ಮೆ ಇರಲಿ, ಮೂರನೆಯದೂ ನಿಮಗೆ ಬರುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಏಳನೇ ನಿಮಿಷದಲ್ಲಿ ಆ ಹೆಂಗಸು ಮುಂಗಡ ಕೊಟ್ಟ ಮೇಸ್ತ್ರಿಯ ಹೆಸರು ಹೇಳಿದ್ದಾರೆ. ಅದು ಪ್ರಸಾರವಾದರೆ ನಿಮಗೆ ಚಪ್ಪಾಳೆ, ಆಕೆಗೆ ಮುಂದಿನ ವರ್ಷ ಕೆಲಸವಿಲ್ಲ. ಆಕೆಗೆ ತುಣುಕು ತೋರಿಸಿ, ಕೇಳಿ, ಬೇಡವೆಂದರೆ ಕತ್ತರಿಸಿ. ಮುಂಗಡ ತೀರುವ ತನಕ ಬಿಡುವುದಿಲ್ಲ ಎಂದು ಯಾರನ್ನಾದರೂ ದುಡಿಸುತ್ತಿದ್ದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತ. ಅಂಥದ್ದು ಕಂಡರೆ ಮೊದಲು ಜಿಲ್ಲಾಧಿಕಾರಿಗೆ ತಿಳಿಸಿ, ಚಿತ್ರ ಆಮೇಲೆ.

ಈಗ ಸಂಬಳದ ಮಾತು. ತೊಗರಿ ರಾಶಿ ಮುಗಿಸಿ ಹೋದವರು ಬಿತ್ತನೆಗೆ, ಜೂನ್‌ನ ಮಿರಗದ (ಮೃಗಶಿರಾ) ಮಳೆಯ ಹೊತ್ತಿಗೆ ಊರಿಗೆ ಮರಳುತ್ತಾರೆ. ಹೊರಡುವುದನ್ನು ಚಿತ್ರೀಕರಿಸಿದ್ದೀರಿ. ಇನ್ನು ಅವರು ದುಡಿಯುವ ಜಾಗ, ಮರಳುವ ದಿನ ಬಾಕಿ. ಜೂನ್ ತನಕ ಹೇಗೂ ಚಿತ್ರ ಮುಗಿಯುವುದಿಲ್ಲ. ಅಲ್ಲಿಯವರೆಗೆ ಹಾಡಿನ ಕಾರ್ಯಕ್ರಮವೇ ನಿಮ್ಮ ರೈಲು ಖರ್ಚು ಹೊರಲಿ. ಕಚೇರಿಯವರು ನಗುತ್ತಾರೆಯೇ? ನಗಲಿ, ಸಂಬಳ ಕೊಡುತ್ತಾರಲ್ಲ. ಅಮ್ಮನ ಮದುವೆ ಚಿಂತೆಗೆ ಈ ಚಿತ್ರವಿಲ್ಲದಿದ್ದರೂ ಬೇರೊಂದು ಕಾರಣ ಸಿಗುತ್ತಿತ್ತು. ಅದನ್ನು ಇದಕ್ಕೆ ಗಂಟು ಹಾಕಬೇಡಿ.

ಅಂದಹಾಗೆ, ಮೈಕಿಗೆ ಗಾಳಿ ತಡೆಯುವ ಸ್ಪಂಜು ಹಾಕಿಸಿ. ಪ್ಲಾಟ್‌ಫಾರ್ಮಿನ ಗಾಳಿಗೆ ಆ ಮುದುಕಿಯ ಅರ್ಧ ಮಾತು ಕೇಳಿಸಲೇ ಇಲ್ಲ.