ಪ್ರಶ್ನೋತ್ತರ: ಪೆಟ್ಟಿಗೆಯಲ್ಲಿ ಸಿಕ್ಕ ಜೋ ಪಾಸ್

ಪ್ರಶ್ನೆ: ಚಿಕ್ಕಮಗಳೂರಿನ ಬಳಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತೀರಿಕೊಂಡ ದೊಡ್ಡಪ್ಪನವರ ಪೆಟ್ಟಿಗೆಯಲ್ಲಿ, ಹಿಂದೂಸ್ತಾನಿ ಸಂಗೀತದ ಪ್ಲೇಟುಗಳ ನಡುವೆ, ಜೋ ಪಾಸ್ ಎಂಬ ಗಿಟಾರ್ ವಾದಕರ ‘ವರ್ಚುಓಸೊ’ ಮತ್ತು ‘ವರ್ಚುಓಸೊ ನಂಬರ್ 3’ ಎಂಬ ಎರಡು ಎಲ್‌ಪಿಗಳು ಸಿಕ್ಕಿವೆ. ಬೇರೆ ವಾದಕರ ಹೆಸರಿಲ್ಲ. ಆದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ. ವೀಣೆ ಕಲಿತಿರುವ ನನಗೆ ಇದರಲ್ಲಿ ಶ್ರುತಿಯೇ ಕೈಗೆ ಸಿಗುತ್ತಿಲ್ಲ. ಪ್ಲೇಟುಗಳಿಗೆ ಬೂಷ್ಟು ಹಿಡಿದಿದೆ, ಅದಕ್ಕೇನು ಮಾಡಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನುಡಿಸಿರುವುದು ಒಬ್ಬರೇ, ಒಂದೇ ಗಿಟಾರಿನಲ್ಲಿ. ಮೊದಲ ಎಲ್‌ಪಿಯ ಧ್ವನಿಮುದ್ರಣ ನಡೆದದ್ದು 1973ರಲ್ಲಿ, ಜಾಝ್ ನಿರ್ಮಾಪಕ ನಾರ್ಮನ್ ಗ್ರಾಂಜ್ ಅವರು ಅದೇ ವರ್ಷ ಆರಂಭಿಸಿದ ಪಾಬ್ಲೊ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ. ಜೋ ಪಾಸ್ ಅವರಿಗೆ ಆಗ 44 ವರ್ಷ.

ಶ್ರುತಿ ಸಿಗದಿರುವುದು ನಿಮ್ಮ ಕಿವಿಯ ದೋಷವಲ್ಲ, ಅದರ ಸಂಸ್ಕಾರ. ವೀಣೆಯಲ್ಲಿ ನೀವು ಕಿರುಬೆರಳಿನಿಂದ ಮೀಟುವ ಮೂರು ತಾಳದ ತಂತಿಗಳು ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲಿಸುತ್ತವೆ; ರಾಗ ಎಲ್ಲಿಗೆ ಹೋದರೂ ಆ ನೆಲ ಕದಲುವುದಿಲ್ಲ. ಜೋ ಪಾಸ್ ನುಡಿಸುವ ಜಾಝ್‌ನಲ್ಲಿ ಕದಲುವುದು ಆ ನೆಲವೇ. ಹಾಡು ಸಾಗಿದಂತೆ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳು, ಬದಲಾಗುತ್ತಾ ಹೋಗುತ್ತವೆ, ಒಂದು ಕಾರ್ಡಿನ ಮೇಲೆ ನೆಮ್ಮದಿಯಾಗಿ ಕೂತ ಸ್ವರ ಮುಂದಿನದರ ಮೇಲೆ ಚಡಪಡಿಸುತ್ತದೆ, ಆ ಚಡಪಡಿಕೆಯೇ ರಾಗರೇಖೆಯನ್ನು ಮುಂದಕ್ಕೆ ತಳ್ಳುತ್ತದೆ. ವಾದ್ಯವೃಂದದಲ್ಲಿ ಈ ಚಲನೆಯನ್ನು ಹೊರುವವರು ಪಿಯಾನೊ ಮತ್ತು ಬಾಸ್ ವಾದಕರು. ಇಲ್ಲಿ ಅವರಿಲ್ಲ. ಜೋ ಪಾಸ್ ಕೆಳಸ್ಥಾಯಿಯ ಒಂದು ಸ್ವರವನ್ನು ಮೀಟಿ, ಕಾರ್ಡನ್ನು ಕ್ಷಣಮಾತ್ರ ತೋರಿಸಿ, ಅದು ಆರುವ ಮೊದಲೇ ಮೇಲಿನ ತಂತಿಗಳ ಮೇಲೆ ಓಡುತ್ತಾರೆ; ಅವರು ಬಿಟ್ಟುಬಂದ ಸ್ವರವನ್ನು ನಮ್ಮ ಕಿವಿಯೇ ಮುಂದುವರಿಸಿಕೊಳ್ಳುವುದರಿಂದ ಇನ್ನೊಬ್ಬರು ಜೊತೆಗಿದ್ದಂತೆ ಕೇಳುತ್ತದೆ. ಈ ಕೈಚಳಕಕ್ಕಿಂತಲೂ ಅದರ ಹಿಂದಿರುವ ಸಂಯಮ ನನಗೆ ದೊಡ್ಡದಾಗಿ ಕಾಣುತ್ತದೆ.

ನೀವು ‘ವರ್ಚುಓಸೊ ನಂಬರ್ 3’ ಎಲ್‌ಪಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿರುವುದು ಜೋ ಪಾಸ್ ಅವರ ಸ್ವಂತ ರಚನೆಗಳು, ಹೊಸಬರಿಗೆ ಹಿಡಿಯಲು ಆಸರೆ ಕಡಿಮೆ. ಮೊದಲನೆಯದರಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಇತರರ ಪ್ರಸಿದ್ಧ ರಚನೆಗಳು. ಕೃತಿಯ ಸಾಹಿತ್ಯ ಗೊತ್ತಿದ್ದವರಿಗೆ ನೆರವಲ್ (ಸಾಹಿತ್ಯದ ಒಂದು ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವುದು) ಹೇಗೆ ಬೇರೆಯಾಗಿ ತೆರೆದುಕೊಳ್ಳುತ್ತದೆಯೋ ಹಾಗೆಯೇ ಇಲ್ಲಿಯೂ: ಕೋಲ್ ಪೋರ್ಟರ್ ಅವರ ‘ನೈಟ್ ಅಂಡ್ ಡೇ’ ಹಾಡನ್ನು ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ 1956ರಲ್ಲಿ ಹಾಡಿದ್ದಾರೆ, ಅದನ್ನು ನಾಲ್ಕಾರು ಸಲ ಕೇಳಿ, ಬಾಯಲ್ಲಿ ಗುನುಗುವಷ್ಟಾದ ಮೇಲೆ ನಿಮ್ಮ ಪ್ಲೇಟಿನ ಮೊದಲ ಪಕ್ಕದ ಆರಂಭಕ್ಕೆ ಮುಳ್ಳಿಡಿ. ಆಮೇಲೊಮ್ಮೆ ಮೇಲಿನ ರೇಖೆಯನ್ನು ಮರೆತು, ಕೆಳಗಿನ ಸ್ವರಗಳನ್ನೇ ಹಿಂಬಾಲಿಸಿ.

ಇನ್ನು ಬೂಷ್ಟು. ಔಷಧಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ಗುಂಟ ವೃತ್ತಾಕಾರವಾಗಿ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಆರಿಸಿ. ನಡುವಿನ ಕಾಗದಕ್ಕೆ ನೀರು ತಾಗಬಾರದು. ಬೂಷ್ಟು ಹಿಡಿದ ಒಳಚೀಲವನ್ನು ಎಸೆದು ಹೊಸದನ್ನು ಹಾಕಿ, ಇಲ್ಲದಿದ್ದರೆ ಬೂಷ್ಟು ಪ್ಲೇಟಿಗೆ ಮರಳುತ್ತದೆ. ಪೆಟ್ಟಿಗೆಯಲ್ಲಿ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಅರಗಿನ ಪ್ಲೇಟುಗಳಿದ್ದರೆ ಅವುಗಳಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ; 78ರ ದಪ್ಪ ಮುಳ್ಳನ್ನು ಎಲ್‌ಪಿಯ ಮೇಲೆ ಇಡಲೂಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ರೂಢಿಯಿದೆ, ಆದರೆ ಆ ಶಾಖಕ್ಕೆ ಎಲ್‌ಪಿ ಸೊಟ್ಟಗಾಗುತ್ತದೆ. ಥಂಡಿ ಗೋಡೆಯಿಂದ ದೂರದ ಕಪಾಟಿನಲ್ಲಿ, ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿ.