ಬೆಳಗಿನ ಜಾವ 4 ಗಂಟೆಯ ಗಾಬರಿ

ಸಲಹೆ ಕೇಳಿ ನನ್ನ ಹತ್ತಿರ ಬಂದವರೊಬ್ಬರನ್ನು 'ರ' ಅಂತ ಕರೆಯೋಣ. ವಯಸ್ಸು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ, ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನಲವತ್ತರ ಆಸುಪಾಸು, ಲೆಕ್ಕಪತ್ರ ನೋಡುವ ಕೆಲಸ. ದಿನಾ ಬೆಳಗಿನ ಜಾವ 4ಕ್ಕೆ ಎಚ್ಚರ, ಎದೆ ಡವಡವ, ಏನೋ ಕೆಟ್ಟದ್ದು ಆಗಿಯೇ ಹೋಗಿದೆ ಅನ್ನುವ ಭಯ. ಏನಾಗಿದೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. ಸಾಲ, ಕೆಲಸದ ಒತ್ತಡ, ತಂದೆಯ ಕಾಯಿಲೆ, ಇದರಲ್ಲೇ ಒಂದು ಗಂಟೆ ಕಳೆಯಿತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಕುಡಿತದ ಬಗ್ಗೆ ಕೇಳಿರಲಿಲ್ಲ ಅಂತಲ್ಲ, "ಹೀಗೇ ಯಾವಾಗಲಾದರೂ ಮೇಡಂ" ಅಂದಿದ್ದರು, ನಾನೂ ಸುಮ್ನೆ ಬರೆದುಕೊಂಡಿದ್ದೆ. ಆ ಉತ್ತರ ಬಂದಾಗ ಇನ್ನೊಂದು ಪ್ರಶ್ನೆ ಕೇಳಬೇಕು ಅನ್ನೋದು ಇಷ್ಟು ವರ್ಷದ ಮೇಲೂ ನನಗೆ ಮರೆತುಹೋಗುತ್ತೆ.

ಎರಡನೇ ಸಲ ಗಂಟೆಗಂಟೆಯ ಲೆಕ್ಕ ಕೇಳಿದೆ. ಗಾಬರಿ ಯಾವಾಗ ಜಾಸ್ತಿ, ಯಾವಾಗ ಕಡಿಮೆ? ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕೈಯಲ್ಲಿ ಸಣ್ಣ ನಡುಕ, ಸಂಜೆ 7ಕ್ಕೆ ಕೂರೋಕೂ ಆಗಲ್ಲ ನಿಲ್ಲೋಕೂ ಆಗಲ್ಲ, 8ರ ಮೇಲೆ ಪೂರ್ತಿ ಮಾಯ. 8ಕ್ಕೆ ಏನಾಗುತ್ತೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು: ದಿನಾ ಏಳೆಂಟು ಸಣ್ಣ ಪೆಗ್, ಆರು ವರ್ಷದಿಂದ. "ಗಾಬರಿಗೆ ಅದೇ ನನ್ನ ಔಷಧಿ ಮೇಡಂ."

ಲಿವರ್ ಹೆಚ್ಚುಕಮ್ಮಿ ಗಂಟೆಗೆ ಒಂದು ಸಣ್ಣ ಪೆಗ್ ಕರಗಿಸುತ್ತೆ. 8ಕ್ಕೆ ಶುರು, ಏಳೆಂಟು ಪೆಗ್. ಲೆಕ್ಕದವರಿಗೆ ನಾನು ಲೆಕ್ಕ ಹೇಳಬೇಕಾಗಲಿಲ್ಲ, ಬೆರಳು ಎಣಿಸಿ ಅವರೇ "ನಾಲ್ಕಕ್ಕೆ ಖಾಲಿ" ಅಂದರು.

ಆಮೇಲೆ ಹೇಳಿದ ಮಾತು ಕೇಳಿ ನಾನು ಪುಸ್ತಕ ಮುಚ್ಚಿಟ್ಟೆ. ನಾಲ್ಕು ಸಲ ಯಾರಿಗೂ ಹೇಳದೆ ತಾವೇ ಬಿಟ್ಟು ನೋಡಿದ್ದರಂತೆ. ಮೊದಲ ಸಲ ಎರಡು ದಿನ ಸಿಡುಕು, ಅಷ್ಟೇ. ನಾಲ್ಕನೇ ಸಲ ಲೋಟ ಹಿಡಿಯಲು ಆಗದಷ್ಟು ನಡುಕ, ಮೈಯೆಲ್ಲ ಬೆವರು, ಎರಡನೇ ರಾತ್ರಿ ಗೋಡೆ ಮೇಲೆ ಇಲ್ಲದ ಇರುವೆ ಸಾಲು. ಹೆದರಿ ಮತ್ತೆ ಕುಡಿದರು. ಸರಿಯಾಗಿ ಊಟ ಮಾಡದೆ ಹೀಗಾಯ್ತೇನೋ ಅಂದುಕೊಂಡಿದ್ದರು. ವೈದ್ಯರಲ್ಲೂ ಕೆಲವರು ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದರು. 1955ರಲ್ಲಿ ಅಮೆರಿಕದ ವೈದ್ಯ ಹ್ಯಾರಿಸ್ ಇಸ್ಬೆಲ್ ಅವರ ತಂಡ ಕೆಲವರಿಗೆ ಚೆನ್ನಾಗಿ ಊಟ ಕೊಟ್ಟೇ ವಾರಗಟ್ಟಲೆ ಕುಡಿಸಿ, ಥಟ್ಟನೆ ನಿಲ್ಲಿಸಿ ನೋಡಿತು. ಜಾಸ್ತಿ ದಿನ ಕುಡಿದವರಲ್ಲಿ ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ಸನ್ನಿ ಹಿಡಿಯಿತು. ಕಾರಣ ಊಟದ ಕೊರತೆಯಲ್ಲ, ನಿಲ್ಲಿಸಿದ್ದೇ ಅಂತ ಆಗ ಗೊತ್ತಾಯಿತು. ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಅನುಮತಿ ಕೊಡಲ್ಲ, ಅದು ಬೇರೆ ಮಾತು.

ಅವರಿಗೆ ನಾನು ವಿವರಿಸಿದ್ದು ಹೀಗೆ. ಮಿದುಳಲ್ಲಿ ನರಗಳನ್ನು ಶಾಂತ ಮಾಡುವ ರಾಸಾಯನಿಕದ ಹೆಸರು ಗಾಬಾ, ಕೆರಳಿಸುವುದು ಗ್ಲುಟಮೇಟ್. ಮದ್ಯ ಗಾಬಾದ ಕೆಲಸಕ್ಕೆ ಕೈಜೋಡಿಸುತ್ತೆ, ಗ್ಲುಟಮೇಟ್‌ನ ಬಾಯಿ ಮುಚ್ಚಿಸುತ್ತೆ. ಒಂದು ದಿನಕ್ಕಾದರೆ ಸರಿ. ದಿನಾ ಹೀಗಾದರೆ ಮಿದುಳು ಸುಮ್ಮನಿರಲ್ಲ: ಗಾಬಾಗೆ ಕಿವಿಗೊಡುವ ರಿಸೆಪ್ಟರ್‌ಗಳು ಮಂದವಾಗುತ್ತವೆ, ಗ್ಲುಟಮೇಟ್‌ಗೆ ಕಿವಿಗೊಡುವ ಎನ್‌ಎಂಡಿಎ ಅನ್ನೋ ರಿಸೆಪ್ಟರ್‌ಗಳು ಹೆಚ್ಚುತ್ತವೆ. ಬಾಗಿಲನ್ನು ಆ ಕಡೆಯಿಂದ ಯಾರೋ ತಳ್ಳುತ್ತಿದ್ದಾರೆ, ಈ ಕಡೆಯಿಂದ ನೀವೂ ಅಷ್ಟೇ ಬಲ ಹಾಕಿ ತಳ್ಳುತ್ತಿದ್ದೀರಿ ಅಂದುಕೊಳ್ಳಿ. ಆ ಕಡೆಯವರು ದಿಢೀರನೆ ಕೈ ಬಿಟ್ಟರೆ? ನೀವು ಮುಗ್ಗರಿಸಿ ಬೀಳ್ತೀರಿ. ಕುಡಿತ ಬಿಟ್ಟಾಗಿನ ನಡುಕ, ಬೆವರು, ಗಾಬರಿ ಅಂದರೆ ಹೀಗೆ ಮುಗ್ಗರಿಸಿದ ಮಿದುಳು.

"ಗಾಬಾ ಹೋದ್ರೆ ಗಾಬರಿ ಅನ್ನಿ" ಅಂದರು. ಅವತ್ತು ಅವರು ನಕ್ಕಿದ್ದು ಅದೊಂದೇ ಸಲ.

ಇನ್ನೂ ಒಂದಿದೆ, ನನ್ನ ಪ್ರಕಾರ ಇದೇ ಜಾಸ್ತಿ ಕಾಡೋದು. ಕುಡಿತ ಬಿಟ್ಟಾಗ ಮಿದುಳಲ್ಲಿ ಭಯ ಹುಟ್ಟಿಸುವ ಅಮಿಗ್ಡಲಾ ಅನ್ನುವ ಭಾಗದಲ್ಲಿ ಸಿಆರ್‌ಎಫ್ ಅನ್ನುವ ಒತ್ತಡದ ರಾಸಾಯನಿಕ ಏರುತ್ತೆ, ಜೊತೆಗೆ ನಾರ್‌ಅಡ್ರಿನಲಿನ್ ಕೂಡ. ಹುಲಿ ಎದುರಿಗೆ ಬಂದಾಗ ಏಳಬೇಕಾದ ಅಲಾರಂ ಹುಲಿ ಇಲ್ಲದೆಯೂ ಹೊಡೆದುಕೊಳ್ಳುತ್ತೆ. ನಡುಕ ಒಂದು ವಾರದಲ್ಲಿ ನಿಂತರೂ ಈ ಅಲಾರಂ ಮತ್ತು ನಿದ್ದೆ ಸರಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಸಿಆರ್‌ಎಫ್‌ಗೇ ತಡೆ ಹಾಕೋ ಮಾತ್ರೆ ಇಲ್ವಾ ಅಂತ ಕೇಳಿದರು. ಪ್ರಯತ್ನ ಆಗಿದೆ, ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ಮನುಷ್ಯರ ವಿಷಯದಲ್ಲಿ ಕೈಕೊಟ್ಟಿತು.

ಮತ್ತೆ ಪ್ರತಿ ಸಲ ಯಾಕೆ ಹೆಚ್ಚಾಯಿತು? ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಮಿದುಳು ಬೇಗ ಕೆರಳುವುದನ್ನು ಕಲಿಯುತ್ತೆ. ಇದಕ್ಕೆ ಕಿಂಡ್ಲಿಂಗ್ ಅಂತಾರೆ. ತನಗೆ ಮನಸ್ಸು ಗಟ್ಟಿ ಇಲ್ಲ ಅಂತ ಅವರು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಂಡಿದ್ದರು.

ಹಾಗಾಗಿ ನನ್ನ ಮೊದಲ ಸಲಹೆ ಅವರಿಗೆ ವಿಚಿತ್ರ ಅನ್ನಿಸಿತು: ಇವತ್ತೇ ಬಿಡಬೇಡಿ. ಜಾಸ್ತಿಯೂ ಮಾಡಬೇಡಿ, ದಿಢೀರನೆ ನಿಲ್ಲಿಸಲೂ ಬೇಡಿ, ನಾಳೆ ಮನೋವೈದ್ಯರನ್ನು ನೋಡಿ. ಕೊನೆಯ ಪೆಗ್ ಆದ 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು, ಇದರಲ್ಲಿ ಪ್ರಾಣವೇ ಹೋದವರಿದ್ದಾರೆ. ಇರುವೆ ಕಂಡವರನ್ನು ಉಸಿರಾಟದ ಅಭ್ಯಾಸ ಹೇಳಿ ಮನೆಗೆ ಕಳಿಸುವುದು ತಪ್ಪು. ವೈದ್ಯರು ಅವರನ್ನು ದಾಖಲು ಮಾಡಿಕೊಂಡು, ಗಾಬಾ ರಿಸೆಪ್ಟರ್ ಮೇಲೆಯೇ ಕೆಲಸ ಮಾಡುವ ಬೆಂಜೋಡಯಾಜೆಪಿನ್ ಅನ್ನೋ ಮಾತ್ರೆ ಕೊಟ್ಟು ಅದನ್ನು ದಿನದಿನಕ್ಕೆ ಇಳಿಸಿದರು, ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1. ಬಾಗಿಲನ್ನು ಮೆಲ್ಲಗೆ ಬಿಡುವ ಕೆಲಸ. ಇದೇ ಮಾತ್ರೆಯನ್ನು ಯಾರ ಹತ್ತಿರವೋ ಇಸ್ಕೊಂಡು ಕುಡಿತದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು ಅಂತ ಅವರ ಅಕ್ಕನಿಗೂ ಕೂರಿಸಿ ಹೇಳಿದೆ. ಅಕ್ಕ ಅತ್ತರು. ತಮ್ಮನ ನಾಲ್ಕು ಪ್ರಯತ್ನದಲ್ಲಿ ಒಂದೂ ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಕೊಟ್ಟ ಸಲಹೆಗಳು ತೀರಾ ಸಣ್ಣವು. 4ಕ್ಕೆ ಎಚ್ಚರವಾದರೆ ಯಾವ ತೀರ್ಮಾನವನ್ನೂ ತಗೋಬೇಡಿ, ಬ್ಯಾಂಕಿನ ಲೆಕ್ಕ ನೋಡಬೇಡಿ. "ಇದು ಅಲಾರಂ, ಸುದ್ದಿ ಅಲ್ಲ" ಅಂತ ಜೋರಾಗಿ ಹೇಳಿಕೊಳ್ಳಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಸಂಜೆ 7ರಿಂದ 9ರವರೆಗೆ ಒಬ್ಬರೇ ಇರಬೇಡಿ. ಉಸಿರಾಟದ ಅಭ್ಯಾಸ ಈಗ ಮಾಡಿ, ಈಗ ಅದಕ್ಕೆ ಅರ್ಥವಿದೆ. "ಆತಂಕದ ಕಾಯಿಲೆ" ಅನ್ನೋ ಹಣೆಪಟ್ಟಿಯನ್ನು, ಕುಡಿತ ಪೂರ್ತಿ ಬಿಟ್ಟು ಒಂದು ತಿಂಗಳಾದರೂ ಆಗುವವರೆಗೆ ಹಚ್ಚಿಕೊಳ್ಳಬೇಡಿ, ಅಷ್ಟರಲ್ಲಿ ಎಷ್ಟೋ ಜನರ ಗಾಬರಿ ತಾನಾಗಿಯೇ ಇಳಿಯುತ್ತೆ.

ಆರನೇ ವಾರ ಬಂದಾಗ, 4ಕ್ಕೆ ಎಚ್ಚರ ಆಗ್ತಿದೆ ಆದರೆ ಮಗ್ಗುಲು ಬದಲಿಸಿ ಮಲಗ್ತೀನಿ ಅಂದರು. ಮೀಟಿಂಗ್‌ನಲ್ಲಿ ಎದ್ದು ಮಾತಾಡಲು ಮಾತ್ರ ಇನ್ನೂ ಗಂಟಲು ಒಣಗುತ್ತೆ, ಅದು ಕಾಲೇಜಿನ ದಿನದಿಂದಲೂ ಇತ್ತಂತೆ, ಕುಡಿತಕ್ಕಿಂತ ಮುಂಚೆ. ಈಗ ನಾವು ಕೂತು ಮಾತಾಡುತ್ತಿರುವುದು ಅದರ ಬಗ್ಗೆ.